ಅಮ್ಮಾಜಮ್ಮನ ಒಲೆ

ಎಲೆಯ ಮೇಲೆ ಕೆಂಡದಲ್ಲಿ ಸುಟ್ಟ ಬಾಡು ಆರುತ್ತಿತ್ತು. ಮುನಿಸ್ವಾಮಪ್ಪನ ಕಣ್ಣು ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನೆಟ್ಟಿತ್ತು. ಆ ಬಾಗಿಲಿನಾಚೆ ಎಲ್ಲೋ ಒಂದು ಕಡೆ, ಗಣಿಯಿಂದ ಕದ್ದ ಚಿನ್ನ ಅಡಗಿದೆ. ಎಲ್ಲಿ ಅನ್ನುವುದು ಅವನಿಗೆ ನಿನ್ನೆಯಷ್ಟೇ ಗೊತ್ತಾಗಿತ್ತು.

ಊರಿಗಾಂನ ಕೂಲಿಲೈನಿನ ಕೊನೆಯಲ್ಲಿದ್ದ ಅಮ್ಮಾಜಮ್ಮನ ಹೋಟೆಲು ಮಧ್ಯಾಹ್ನದ ಹೊತ್ತು ಕಾಲಿಡಲು ಜಾಗವಿಲ್ಲದಂತೆ ತುಂಬುತ್ತಿತ್ತು. ತಗಡಿನ ಚಪ್ಪರದಡಿ ಅಡುಗೆಯಾಳು ಪೆರುಮಾಳ್ ಕಂಬಿಗೆ ಚುಚ್ಚಿದ ಮಾಂಸವನ್ನು ಕೆಂಡದ ಮೇಲೆ ತಿರುವುತ್ತಿದ್ದ. ಮುದ್ದೆ, ಸಾರು ಒಳಗಿನ ಒಲೆಯಲ್ಲಿ. ಪಾಳಿ ಮುಗಿಸಿದ ಆಳುಗಳು ತಮಿಳು, ತೆಲುಗು, ಕನ್ನಡ ಮೂರನ್ನೂ ಒಟ್ಟಿಗೆ ಕಲಸಿ ಹರಟುತ್ತ ಉಣ್ಣುತ್ತಿದ್ದರು. ಅವರಲ್ಲಿ ಒಬ್ಬಿಬ್ಬರು ಸೊಂಟದಲ್ಲಿ ಅಡಗಿಸಿ ತಂದದ್ದನ್ನು ಇಲ್ಲಿ ಬಿಟ್ಟುಹೋಗುತ್ತಾರೆಂದು ಗಣಿ ಕಂಪನಿಗೆ ಗುಮಾನಿ.

ಮುನಿಸ್ವಾಮಪ್ಪ ಕಂಪನಿಯ ಗುಪ್ತ ಕಾವಲುಗಾರ. ಊರಿನ ಕಣ್ಣಿಗೆ ಬಂಗಾರಪೇಟೆಯಿಂದ ಬಂದ ಇದ್ದಿಲು ದಲ್ಲಾಳಿ. ಕಳ್ಳರನ್ನು ಹಿಡಿದುಕೊಟ್ಟರೆ ಕೆಲಸ ಕಾಯಂ, ಮೇಲೆ ಹೆಂಚಿನ ಮನೆ. ದೀಪಾವಳಿಯೊಳಗೆ ಹಿಡಿಯದಿದ್ದರೆ ಬಂದ ದಾರಿ ಹಿಡಿಯಬೇಕು. ಮಗಳು ಗಂಗರತ್ನಮ್ಮ ಚೊಚ್ಚಲ ಹೆರಿಗೆಗೆಂದು ಬೇತಮಂಗಲದ ಗಂಡನ ಮನೆಯಿಂದ ಬಂದಿದ್ದಳು. ತಾಯಿಯಿಲ್ಲದ ಹುಡುಗಿ. ತನ್ನ ಸೋರುವ ಗುಡಿಸಲಿನಲ್ಲಿ ಮೊಮ್ಮಗು ಹುಟ್ಟುವುದು ಅವನಿಗೆ ಬೇಕಿರಲಿಲ್ಲ.

ಅಮ್ಮಾಜಮ್ಮನ ಅಡುಗೆಮನೆಗೆ ಪರಗಂಡಸರು ಕಾಲಿಡುವಂತಿರಲಿಲ್ಲ. ಮೂರು ವಾರ ತಲೆ ಕೆಡಿಸಿಕೊಂಡ ಮೇಲೆ ಅವನಿಗೆ ಉಪಾಯ ಹೊಳೆಯಿತು. ಏಳುವುದಕ್ಕೂ ಕೂರುವುದಕ್ಕೂ ಆಗದ ಮಗಳನ್ನು ಕರೆದುಕೊಂಡು ಬಂದ.

“ಹುಡುಗೀಗೆ ಸುಟ್ಟ ಬಾಡಿನ ಬಯಕೆ, ಅಮ್ಮಾಜಮ್ಮ. ಅವರಮ್ಮ ಇದ್ದಿದ್ರೆ ಮನೇಲೇ ಮಾಡಿಕ್ಕೋಳು.”

ಅಮ್ಮಾಜಮ್ಮ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಅಪ್ಪನನ್ನೂ ನೋಡಿದಳು.

“ಗಂಡಸ್ರ ಮಧ್ಯೆ ಬಸುರಿ ಉಣ್ಬಾರ್ದು ಕಣಣ್ಣ, ದಿಷ್ಟಿ ತಾಕ್ತದೆ. ಒಳಕ್ಕೆ ಬಾ ತಾಯಿ. ಒಲೆ ಮುಂದೆ ಬೆಚ್ಚಗೆ ಕುಂತ್ಕೊಂಡು ತಿನ್ನು. ದಿನಾ ಬಾ.”

ಮುದುಕಿ ಇಷ್ಟು ಸಲೀಸಾಗಿ ಬಲೆಗೆ ಬೀಳುತ್ತಾಳೆಂದು ಅವನು ಎಣಿಸಿರಲಿಲ್ಲ. ನಗು ಬಂತು. ಬಾಯಿಗೆ ಟವಲು ಒತ್ತಿಕೊಂಡು ಕೆಮ್ಮಿದ.

ಎರಡು ತಿಂಗಳು ಗಂಗರತ್ನಮ್ಮ ದಿನವೂ ಒಳಗೆ ಉಂಡಳು. ಮನೆಗೆ ಬರುತ್ತಲೇ ಅಪ್ಪನ ವಿಚಾರಣೆ. ಏನು ಕಂಡೆ? ಯಾರು ಬಂದರು? “ಮುದ್ದೆ, ಸಾರು, ಒಲೆ. ಇನ್ನೇನಿರ್ತದೆ ಅಪ್ಪಾ?” ಅನ್ನುತ್ತಿದ್ದಳು. ಬರಬರುತ್ತ ಅವಳ ಬಾಯಲ್ಲಿ ಜೊಲ್ಲು ನಿಲ್ಲದಾಯಿತು. ಏನು ತಿಂದರೂ ತಾಮ್ರದ ಚೊಂಬು ನೆಕ್ಕಿದ ರುಚಿ. ವಸಡು ಊದಿತು. ನೀರಿನ ಲೋಟ ಹಿಡಿದರೆ ಕೈ ನಡುಗಿ ನೀರು ತುಳುಕುತ್ತಿತ್ತು. ಬಸುರಿ ಬಾಯಿ ಅಂದರೆ ಹಾಗೇ, ಅದೂ ಚೊಚ್ಚಲು ಎಂದು ನೆರೆಯ ಹೆಂಗಸರು ನಕ್ಕರು. ಅವರವರ ಬಸುರಿನ ಕಥೆ ಹೇಳಿದರು.

“ನಾಳೆಯಿಂದ ಒಲ್ಲೆ ಅಪ್ಪಾ. ಸುಸ್ತು,” ಎಂದಳು ಒಂದು ದಿನ.

“ಇನ್ನು ನಾಕು ದಿನ ತಡ್ಕೊಳವ್ವ. ನಿನ್ನ ಮಗೀಗೆ ತಾನೇ ಮನೆ?” ಎಂದ. ಅಂದ ಮೇಲೆ ತನ್ನ ಮೇಲೇ ಅಸಹ್ಯವಾಯಿತು. ಆದರೂ ಮರುದಿನ ಕಳಿಸಿದ.

ನಿನ್ನೆ ಅವಳು ಮಲಗಿದ್ದಲ್ಲಿಂದಲೇ ಮಾತಾಡಿದಳು. “ಅಮ್ಮಾಜಮ್ಮ ಒಳ್ಳೇರು ಅಪ್ಪಾ. ಬಡಿಸೋಕೆ ಒರಗೆ ಓಗೋವಾಗ ಉರಿ ನೋಡ್ಕೊ ಅಂತಾರೆ. ಊದ್ಕೊಂಡು ಕುಂತಿರ್ತೀನಿ. ಬೂದಿ ಮಾತ್ರ ಕೆದಕ್ಬೇಡ ಅಂತಾರೆ.” ಹೊಟ್ಟೆ ಸವರಿಕೊಂಡಳು. “ಇದೂ ಸೋಮಾರಿ ಆಗೋಗದೆ. ಎರಡು ದಿನದಿಂದ ಒದ್ದೇ ಇಲ್ಲ.”

ಎರಡನೆಯ ಮಾತು ಅವನ ಕಿವಿಗೆ ಬೀಳಲಿಲ್ಲ. ಬೂದಿ! ಚಪ್ಪಲಿ ಮೆಟ್ಟಿಕೊಂಡು ಕಂಪನಿಯ ಕಚೇರಿಗೆ ಓಡಿದ.

ಇವತ್ತು ಮಗಳನ್ನು ಮನೆಯಲ್ಲೇ ಬಿಟ್ಟು ಒಬ್ಬನೇ ಬಂದಿದ್ದಾನೆ. ಮೂವರು ಪೊಲೀಸರು ಹಿತ್ತಿಲ ಗೋಡೆಯ ಮರೆಯಲ್ಲಿದ್ದಾರೆ. ಅಮ್ಮಾಜಮ್ಮ ಸಾರಿನ ಪಾತ್ರೆ ಹಿಡಿದು ಹೊರಬಂದದ್ದೇ ತಡ, ಅವನು ಎದ್ದು ಶಿಳ್ಳೆ ಹಾಕಿದ. ಎಲೆಗಳನ್ನು ತುಳಿದುಕೊಂಡು ಒಳಗೆ ನುಗ್ಗಿದ. ಇಕ್ಕಳದಿಂದ ಒಲೆಯ ಬೂದಿ ಕೆದಕಿದ. ಚಿನ್ನ ಕಾಯಿಸುವ, ನಿಂಬೆಹಣ್ಣಿನಷ್ಟು ಗಾತ್ರದ ಮಣ್ಣಿನ ಮೂಸೆ. ಅದರೊಳಗೆ ಬೆಳ್ಳಗೆ ಮಿನುಗುವ ಉಂಡೆ, ಅಂಚಿನಲ್ಲಿ ಆಗಲೇ ಹಳದಿ.

“ಸಿಕ್ತು!” ಎಂದು ಕೂಗಿದ. ಕಣ್ಣಲ್ಲಿ ನೀರು ಬಂತು. ಹೆಂಚಿನ ಮನೆ, ತೊಟ್ಟಿಲು, ಎಲ್ಲ ಎದುರಿಗೇ ಬಂದು ನಿಂತಂತಾಯಿತು.

ಒಬ್ಬ ಪೊಲೀಸ್ ಮೂಸೆಯೊಳಗೆ ಇಣುಕಲು ಬಗ್ಗಿದ. ಅಮ್ಮಾಜಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಅವನ ತೋಳು ಹಿಡಿದು ಹಿಂದಕ್ಕೆಳೆದಳು.

“ಮೂಗು ಹತ್ರ ತರ್ಬೇಡಪ್ಪ, ಮಕ್ಕಳೊಂದಿಗ. ಚಿನ್ನ ಹಿಡಿಯೋಕೆ ಗಣಿ ಮಿಲ್ಲಲ್ಲಿ ಪಾದರಸ ಬೆರೆಸ್ತಾರೆ. ಕಾಯಿಸಿದ್ರೆ ಚಿನ್ನ ಉಳೀತದೆ, ಪಾದರಸ ಹೊಗೆಯಾಗಿ ಹೋಯ್ತದೆ. ಆ ಹೊಗೆ ಕಣ್ಣಿಗೆ ಕಾಣಾಕಿಲ್ಲ. ಮೊದ್ಲು ಜೊಲ್ಲು ಸುರೀತದೆ, ವಸಡು ಊದ್ತದೆ. ಆಮೇಲೆ ಕೈ ನಡುಗ್ತದೆ. ನನ್ನ ಸೊಸೆ ಇದನ್ನ ಊದೂದಿ, ಎರಡು ಕೂಸು ಹೊಟ್ಟೇಲೇ ಹೋದ್ವು. ಅವತ್ತಿಂದ ಮೂಸೆ ಇಟ್ಟ ಮೇಲೆ ನಮ್ಮೋರು ಯಾರೂ ಈ ಒಲೆ ಮುಂದೆ ಕೂರಾಕಿಲ್ಲ.”

ಮುನಿಸ್ವಾಮಪ್ಪನ ಕೈಯಿಂದ ಇಕ್ಕಳ ಜಾರಿತು. ಅಮ್ಮಾಜಮ್ಮನತ್ತ ತಿರುಗಿದ.

“ಬಸುರಿ… ತಾಯಿಯಿಲ್ಲದ ಹುಡುಗಿ… ಗೊತ್ತಿದ್ದೂ ನೀನು…”

ಅಮ್ಮಾಜಮ್ಮ ಬೇಡಿಗೆ ಎರಡೂ ಕೈ ಒಡ್ಡಿ ನಿಂತಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ.

“ನೀನು ಕಂಪನಿಯೋನು ಅಂತ ಮೊದಲ್ನೇ ದಿನಾನೇ ಗೊತ್ತಿತ್ತು ಕಣಣ್ಣ, ಇಲ್ದಿದ್ರೆ ಬಸುರೀನ ಈ ಒಲೆ ಊದೋಕೆ ಕೂರಿಸ್ತಿದ್ನಾ?”