ಸೊನ್ನೆಯಿಂದ ಶುರು

ಕ್ಲಾರಿನೆಟ್ ಊದುವವನಿಗೆ ಮುಂದಿನ ನಾಲ್ಕು ಹಲ್ಲುಗಳಿರಲಿಲ್ಲ. ಆರು ವರ್ಷದಿಂದ ಅವನು ವಾದ್ಯದ ಪೆಟ್ಟಿಗೆ ತೆರೆದಿರಲಿಲ್ಲ. ಆದರೂ ಬ್ಯಾಂಡ್ ಮೇಷ್ಟ್ರ ಮಗಳು ಕರೆದಾಗ ಬಂದ. ಮೇಷ್ಟ್ರು ಸತ್ತು ತಿಂಗಳಾಗಿತ್ತು. ಅವರ ಬ್ಯಾಂಡಿನ ನಾಲ್ವರಲ್ಲಿ ಬದುಕಿದ್ದವನು ಇವನೊಬ್ಬನೇ.

“ಗುಜರಿಯವನು ಮಧ್ಯಾಹ್ನ ಬರ್ತಾನೆ ಮಾಮ,” ಎಂದಳು ಮಗಳು, ಶೆಡ್ಡಿನ ಬಾಗಿಲು ತೆಗೆಯುತ್ತ. “ಇದು ಸಂಗೀತವೋ ಕಬ್ಬಿಣವೋ ನೀವೇ ಹೇಳಿ. ಅಪ್ಪ ನನ್ನನ್ನೂ ಒಳಗೆ ಬಿಡ್ತಿರ್ಲಿಲ್ಲ.”

ಯಂತ್ರ ಒಂದು ಗೋಡೆಯನ್ನೇ ನುಂಗಿತ್ತು. ರೇಡಿಯೊದಲ್ಲಿರುವಂಥ ತಿರುವುವ ಗುಂಡಿಗಳು ನಾಲ್ಕು ಸಾಲು, ಸಾಲಿಗೆ ಹನ್ನೆರಡು. ಒಂದೊಂದರ ಮೇಲೂ ಪುಟ್ಟ ಬಲ್ಬು. ಎಲ್ಲದರ ಮೇಲೂ ಬೆರಳು ದಪ್ಪ ಧೂಳು.

“ಇದಕ್ಕೋಸ್ಕರ ನಮ್ಮನ್ನ ಓಡಿಸಿದ್ದು,” ಎಂದ ಅವನು. “ನಾವು ನುಡಿಸುವಾಗ ಮೇಷ್ಟ್ರು ಗೋಡೆ ಕಡೆ ತಿರುಗಿ ನಿಂತು ಕೇಳ್ತಿದ್ರು. ಮುಖ ನೋಡಿದ್ರೆ ತಪ್ಪು ಕೇಳಿಸಲ್ವಂತೆ. ಸ್ವರ ಏರೋ ಮೊದಲು ನಾನು ಉಸಿರೆಳೀತಿದ್ದೆ. ‘ಅದೇನು ಉಸಿರೋ ಸೈಕಲ್ ಪಂಪೋ’ ಅಂತಿದ್ರು. ಕೊನೆಗೊಂದಿನ ‘ನಿಮಗಿಂತ ತಂತಿ ವಾಸಿ’ ಅಂದ್ಬಿಟ್ರು. ನನ್ನ ಜಾಗಕ್ಕೆ ಏನು ತಂದಿಟ್ರು ಅಂತ ಒಂದ್ಸಲ ಕೇಳ್ಬೇಕು, ಅಷ್ಟೇ.”

ಮಗಳು ವೈರು ಹಿಡಿದು ಪ್ಲಗ್ಗಿನತ್ತ ಹೋದಳು. ಅವನು ಬಟ್ಟೆಯಿಂದ ಧೂಳು ಒರೆಸತೊಡಗಿದ. ಒರೆಸುತ್ತಲೇ ಮೇಲಿನ ಸಾಲಿನಿಂದ ಒಂದೊಂದೇ ಗುಂಡಿಯನ್ನು ಸೊನ್ನೆಗೆ ತಿರುಗಿಸಿದ. ಬ್ಯಾಂಡಿನಲ್ಲಿ ಅದು ಕಟ್ಟುನಿಟ್ಟು. ಸ್ವಿಚ್ ಹಾಕುವ ಮೊದಲು ಆಂಪ್ಲಿಫೈಯರಿನ ಎಲ್ಲ ಗುಂಡಿಗಳೂ ಸೊನ್ನೆಯಲ್ಲಿರಬೇಕು. ಮರೆತವನು ಆ ದಿನ ವಾದ್ಯ ಮುಟ್ಟುವ ಹಾಗಿರಲಿಲ್ಲ. ಆ ಬ್ಯಾಂಡ್ ಬಿಟ್ಟು ಮೂವತ್ತು ವರ್ಷವಾದರೂ ಕೈಗೆ ಅದು ನೆನಪಿತ್ತು.

“ಹಾಕ್ಲಾ?”

“ಇರಮ್ಮ, ಇನ್ನೂ ಮೂರನೇ ಸಾಲಲ್ಲಿದೀನಿ.”

“ಸಾಕು ಮಾಮ, ಅದಕ್ಕೇನು ಮದುವೆ ಮಾಡಿಸ್ಬೇಕಾ?” ಎಂದು ಅವಳು ಸ್ವಿಚ್ ಹಾಕಿಯೇಬಿಟ್ಟಳು.

ಬೆಳಕು ಒಂದು ಬಲ್ಬಿನಿಂದ ಇನ್ನೊಂದಕ್ಕೆ ಹರಿಯಿತು. ಮೊದಲ ಸಾಲು ಮುಗಿಯಿತು, ಸದ್ದಿಲ್ಲ. ಎರಡನೆಯದೂ ಹಾಗೆಯೇ. ಮೂರನೆಯ ಸಾಲಿನ ಅರ್ಧದಲ್ಲಿ ಡ್ರಮ್ಮು ಶುರುವಾಯಿತು, ಕೂದಲೆಳೆಯಷ್ಟು ತಡವಾಗಿ. “ನಮ್ಮ ಡ್ರಮ್ಮಿನವನು ಯಾವತ್ತೂ ಲೇಟೇ,” ಎಂದು ಅವನು ನಕ್ಕ. ಕೊನೆಯ ಸಾಲಿಗೆ ಬಂದಾಗ ನಗು ನಿಂತಿತು. ಕ್ಲಾರಿನೆಟ್. ಸ್ವರ ಮೆಟ್ಟಿಲು ಹತ್ತಿದಂತೆ ಹತ್ತುತ್ತ ಹೋಗಿ, ತುದಿ ಮುಟ್ಟುವ ಮೊದಲು ಸ್ಸ್ ಎಂದು ಉಸಿರೆಳೆದುಕೊಂಡಿತು. ಅದರ ಜೊತೆಗೇ ಅವನ ಭುಜವೂ ಮೇಲೆದ್ದಿತು.

ಅವನು ನೆಲದ ಮೇಲೆ ಕುಳಿತುಬಿಟ್ಟ. “ನಾನು ಕಣೇ ಇದು. ತುಟಿಯಿಲ್ಲ, ಗಾಳಿಯಿಲ್ಲ, ಬರೀ ಗುಂಡಿಗಳು. ಗುಂಡಿ ಎಲ್ಲಿ ನಿಂತಿದ್ಯೋ ಅದೇ ಸ್ವರ. ನನ್ನ ತಪ್ಪನ್ನೂ ಬಿಟ್ಟಿಲ್ಲ, ನೋಡು!”

ಮಗಳು ಗುಜರಿಯವನಿಗೆ ಫೋನು ಮಾಡಿ ಬರಬೇಡಿ ಎಂದಳು. ಆಮೇಲೆ, ಧೂಳು ಹೋಗಿ ಸಾಲುಗಳ ಪಕ್ಕ ಕಾಣಿಸಿದ ಅಪ್ಪನ ಅಕ್ಷರಗಳತ್ತ ಬಗ್ಗಿದಳು. “ಇಲ್ಲಿ ಟ್ರಂಪೆಟ್, ಪಿಟೀಲು ಅಂತ ಬರೆದಿದೆಯಲ್ಲ ಮಾಮ. ಅವ್ಯಾಕೆ ಸುಮ್ನಿವೆ?”

ಅವನು ಕೈಯಲ್ಲಿದ್ದ ಬಟ್ಟೆ ನೋಡಿದ. “ನಾನು ತಿರುಗಿಸೋ ಮೊದಲು ಗುಂಡಿಗಳು ಎಲ್ಲೆಲ್ಲಿದ್ವು, ನೋಡಿದ್ಯೇನಮ್ಮ? ಎಲ್ಲಾದ್ರೂ ಬರೆದಿಟ್ಟಿದ್ದಾರಾ?”

“ಈ ಹೆಸರು ಬಿಟ್ರೆ ಅಪ್ಪ ಏನನ್ನೂ ಬರೆದಿಟ್ಟಿಲ್ಲ.”

ಅವನು ಎದ್ದು, ಬೆರಳಿಟ್ಟು ಸೊನ್ನೆಗಳನ್ನು ಎಣಿಸಿದ. ಟ್ರಂಪೆಟ್, ಹನ್ನೆರಡು. ಪಿಟೀಲು, ಹನ್ನೆರಡು. ಡ್ರಮ್ಮು, ಐದು.