ನಲವತ್ತು ವರ್ಷದ ಕಿವಿ

"ಇವ್ನು ಚಂದ್ರು ಕಳ್ಸಿರೋ ಆಳು," ಎಂದು ಉಝ್ಮಾ ತುಟಿ ಅಲ್ಲಾಡಿಸಿದಳು. ಸ್ವರ ಹೊರಡಿಸಲಿಲ್ಲ. ಹೊರಡಿಸಿದ್ದರೂ ಉಪಯೋಗವಿರಲಿಲ್ಲ.

ಅವಳ ಅಪ್ಪ ಅಹಮದ್ ಪಾಷಾ ಆ ತುಟಿಗಳನ್ನು ಓದಿ, ಗೊತ್ತು ಎಂಬಂತೆ ಕಣ್ಣು ಮಿಟುಕಿಸಿದ. ಮರಳೂರಿನ ಅವನ ಗ್ಯಾರೇಜಿನ ಮುಂದೆ ಕೆಂಪು ಬಣ್ಣದ ಟರ್ಬೊ ಕಾರೊಂದು ಬಂದು ನಿಂತಿತ್ತು. ಅಂಥ ಕಾರಿನವರು ಬೆಂಗಳೂರಿನ ಶೋರೂಮಿಗೆ ಹೋಗುತ್ತಾರೆ. ಮೋರಿಯ ಪಕ್ಕದ ತಗಡಿನ ಶೆಡ್ಡಿಗೆ ಬರುವುದಿಲ್ಲ.

ಏಳು ತಿಂಗಳ ಹಿಂದೆ, ಟ್ರಯಲ್ ನೋಡಲು ಕುಣಿಗಲ್ ರಸ್ತೆಗೆ ಒಯ್ದಿದ್ದ ಕಾರಿಗೆ ಲಾರಿ ಗುದ್ದಿ ಪಾಷಾನ ತಲೆಗೆ ಏಟು ಬಿದ್ದಿತ್ತು. ಗಾಯ ಮಾಯಿತು. ಎರಡು ಕಿವಿಯೂ ಹೋದವು. ಇಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಾನೆಂದು ಗುಬ್ಬಿಯಿಂದ ಹೆಬ್ಬೂರಿನವರೆಗೆ ಹೆಸರಾದ ಮನುಷ್ಯ. ಕಿವುಡನೆಂದು ಗೊತ್ತಾದರೆ ಶಟರ್ ಎಳೆಯುವುದೊಂದೇ ಬಾಕಿ. ಕಿವಿಯೊಳಗೆ ಯಂತ್ರ ಕೂರಿಸಿದರೆ ಮತ್ತೆ ಕೇಳಿಸುತ್ತದೆ ಎಂದಿದ್ದರು ಡಾಕ್ಟರು. ಕುಣಿಗಲ್ಲಿನ ಕೆಲಸವೊಂದು ಆದರೆ ಆಪರೇಷನ್ನೂ ಆಗುತ್ತಿತ್ತು. ಅಲ್ಲಿಯವರೆಗೆ ಗಿರಾಕಿಗಳಿಗೆ ಗುಟ್ಟು ತಿಳಿಯಬಾರದು, ಅಷ್ಟೆ.

ಆದರೆ ಗುಬ್ಬಿ ರಸ್ತೆಯ ಮೆಕ್ಯಾನಿಕ್ ಚಂದ್ರು, "ಸಾಬ್ರಿಗೆ ಕಿವಿ ಹೋಗ್ಬುಟ್ಟದಂತೆ, ಇಂಜಿನ್ ಮುಂದೆ ನಿಂತು ನಮಾಜ್ ಮಾಡ್ತವ್ರಂತೆ," ಎಂದು ಟೀ ಅಂಗಡಿಯಲ್ಲಿ ನಗಿಸುತ್ತಿದ್ದ. ಪರೀಕ್ಷೆಗೆ ಯಾರನ್ನಾದರೂ ಕಳಿಸುತ್ತಾನೆಂದು ಅಪ್ಪ ಮಗಳು ಕಾಯುತ್ತಲೇ ಇದ್ದರು.

ಬಂದವನು ರವೀಶ್. ಇಸ್ತ್ರಿ ಅಂಗಿ, ಹದವಾದ ಮಾತು.

"ಆಕ್ಸಿಲರೇಟರ್ ಕೊಟ್ರೆ ಕಟಕಟ ಅಂತದೆ ಸಾಬ್ರೇ. ಇಂಜಿನ್ನೇ ಇಳಿಸ್ಬೇಕು ಅಂತಾರೆ ಎಲ್ರೂ. ನಿಮ್ ಕಿವಿ ಏನಂತದೋ ನೋಡವಾ ಅಂತ ಬಂದೆ."

ಹೇಳಿದವನು ಎದುರಿಗೆ ನಿಲ್ಲಲಿಲ್ಲ. ಪಾಷಾ ಬಾನೆಟ್ ಎತ್ತುತ್ತಿದ್ದಂತೆ ನೇರ ಅವನ ಬೆನ್ನ ಹಿಂದೆ ಹೋಗಿ ನಿಂತ. ಉಝ್ಮಾ ಟಾರ್ಚ್ ಹಿಡಿದು ಮಡ್‌ಗಾರ್ಡ್ ಪಕ್ಕ ಸರಿದು, ದುಪಟ್ಟಾದ ಅಂಚನ್ನು ಗಿರಾಕಿಯ ಕಡೆಗೆ ಇಳಿಬಿಟ್ಟಳು. ಅದರ ಮರೆಯಲ್ಲಿ ಅವಳ ತುಟಿ ಅಪ್ಪನಿಗೆ ಮಾತ್ರ ಕಾಣುತ್ತಿತ್ತು.

"ವಿಡಿಯೊ ಮಾಡ್ಕಳ್ಳಾ? ನಮ್ಮೋರಿಗೆ ತೋರಿಸ್ಬೇಕು," ಎಂದ ರವೀಶ್.

ಉಝ್ಮಾಳ ತುಟಿ ಅದನ್ನು ದಾಟಿಸಿತು. "ಧಾರಾಳವಾಗಿ ಮಾಡ್ಕಳಿ ಸಾರ್," ಎಂದ ಪಾಷಾ, ತಿರುಗದೆ.

ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಆನಿಸಿದ. ನೋಡುವವರಿಗೆ ಕಿವಿ. ನಿಜಕ್ಕೂ ಅದು ಒತ್ತಿದ್ದು ದವಡೆಯ ಮೂಳೆಗೆ. ಕಬ್ಬಿಣದ ನಡುಕ ಹಲ್ಲುಗಳಿಗೆ ಹತ್ತುತ್ತಿತ್ತು. ಕಣ್ಣು ಮುಚ್ಚಿ ನಡುಕ ಎಣಿಸುವುದು, ಕಣ್ಣು ತೆರೆದು ಮಗಳ ತುಟಿ ಓದುವುದು. ಏಳು ತಿಂಗಳಲ್ಲಿ ಕಲಿತ ವಿದ್ಯೆ ಇಷ್ಟು.

"ಪಿಸ್ಟನ್ ಸಾಬ್ರೇ?" ಹಿಂದಿನಿಂದ.

ಒಂದೊಂದೇ ಸಿಲಿಂಡರಿನ ಕರೆಂಟ್ ಕಿತ್ತು ನೋಡಿದ. ಬಡಿತ ಕಡಿಮೆಯಾಗಲಿಲ್ಲ. "ಪಿಸ್ಟನ್ ಆಗಿದ್ರೆ ಈಗ ದನಿ ಬದಲಾಗ್ಬೇಕಿತ್ತು ಸಾರ್. ಆಗ್ಲಿಲ್ಲ, ಕೇಳ್ಸ್ಕಂಡ್ರಲ್ಲ?"

"ಟರ್ಬೊ ಇರ್ಬೌದಾ?" ರವೀಶ್ ಈ ಸಲ ಪಿಸುಗುಟ್ಟಿದ.

ಉಝ್ಮಾ ಅದನ್ನೂ ಬಿಡಲಿಲ್ಲ.

"ಮೆಲ್ಲಗೆ ಕೇಳಿದ್ರೂ ಟರ್ಬೊ ಅಲ್ಲ ಸಾರ್," ಎಂದು ಪಾಷಾ ನಕ್ಕ.

ಸ್ಕ್ರೂಡ್ರೈವರನ್ನು ಗೇಣುಗೇಣಾಗಿ ಸರಿಸುತ್ತ ಹೋದ. ಎ.ಸಿ. ಕಂಪ್ರೆಸರಿನ ಹತ್ತಿರ ಹಲ್ಲು ಜುಮ್ಮೆಂದವು. ಅದನ್ನು ಇಂಜಿನ್ನಿಗೆ ಕಚ್ಚಿಸಿದ್ದ ಎರಡು ಬೋಲ್ಟ್ ಸಡಿಲ. ಬೋಲ್ಟುಗಳ ತಲೆಯ ಮೇಲೆ ಸ್ಪ್ಯಾನರಿನ ಹೊಸ ಗೀರು. ಯಾರೋ ಬೇಕೆಂದೇ ಬಿಚ್ಚಿದ್ದು. ಎರಡು ತಿರುವು ಬಿಗಿದ. ಬಾನೆಟ್ಟಿನೊಳಗಿಂದಲೇ ಆಕ್ಸಿಲರೇಟರ್ ಎಳೆದು ನೋಡಿದ. ಬಡಿತ ನಿಂತಿತ್ತು.

"ಬರೀ ಕಿವಿಲೇ ಕಂಡಿಡಿದ್ರಾ?" ರವೀಶ್ ಫೋನನ್ನು ಇನ್ನಷ್ಟು ಹತ್ತಿರ ತಂದ.

ಪಾಷಾ ಇಷ್ಟಕ್ಕೆ ಸುಮ್ಮನಿರಬಹುದಿತ್ತು. "ನಲವತ್ತು ವರ್ಷದ ಕಿವಿ ಸಾರ್ ಇದು," ಎಂದ ಎದೆಯುಬ್ಬಿಸಿ. "ಇರುವೆ ಸೀನಿದ್ರೂ ಕೇಳ್ಸ್ತದೆ."

ರವೀಶ್ ಕೈಕುಲುಕಿ ಕಾರು ಹತ್ತಿದ. ಉಝ್ಮಾ ಕಿಟಕಿಗೆ ಬಗ್ಗಿದಳು. "ಚಂದ್ರಣ್ಣಂಗೆ ಹೇಳ್ಬುಡಿ ಸಾರ್, ಮುಂದಿನ್ ಸಲ ಗೀರು ಬೀಳ್ದಂಗೆ ಬೋಲ್ಟ್ ಬಿಚ್ಚೋಕೆ."

"ಯಾವ ಚಂದ್ರಣ್ಣ ಕಣಮ್ಮ?" ಎಂದ ರವೀಶ್. ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ.

ಅಪ್ಪ ಮಗಳು ನಕ್ಕು ನಕ್ಕು ಸುಸ್ತಾದರು. ಮಧ್ಯಾಹ್ನ ಹೋಟೆಲಿನಿಂದ ಬಿರಿಯಾನಿ ಬಂತು.

ಗುರುವಾರ, ಕುಣಿಗಲ್ ಕೋರ್ಟಿನಲ್ಲಿ, ಎರಡು ಕಿವಿ ಹೋಗಿವೆ ಎಂದು ಪಾಷಾ ಹಾಕಿದ್ದ ಅಪಘಾತದ ಪರಿಹಾರದ ಕೇಸಿನಲ್ಲಿ, ಲಾರಿಯ ಇನ್ಶೂರೆನ್ಸ್ ಕಂಪನಿಯ ಪರವಾಗಿ ರವೀಶ್ ಕಟಕಟೆ ಹತ್ತಿ ಆ ವಿಡಿಯೊ ತೋರಿಸಿದ. ಡಾಕ್ಟರ ಸರ್ಟಿಫಿಕೇಟನ್ನು ಕಂಪನಿಯ ವಕೀಲರು ಎರಡು ಬೆರಳಲ್ಲಿ ಎತ್ತಿ ಕೆಳಗಿಟ್ಟರು. ಉಝ್ಮಾ ಎದ್ದು ನಿಂತು, ಮಾತು ದಾಟಿಸಿದವಳು ತಾನು, ಗಿರಾಕಿಗಳಿಗೆ ತಿಳಿಯದಂತೆ ದಿನವೂ ಹೀಗೇ ಮಾಡುತ್ತೇವೆ ಎಂದಳು. "ಅಂದ್ರೆ ದಿನಾ ಜನಕ್ಕೆ ಟೋಪಿ ಹಾಕ್ತೀರಿ," ಎಂದರು ವಕೀಲರು. "ಕೋರ್ಟಿಗೆ ಮಾತ್ರ ಹಾಕಲ್ಲ ಅಂತೀರಾ?"

ನ್ಯಾಯಾಧೀಶರು ಜವಾನನಿಗೆ ಸನ್ನೆ ಮಾಡಿದರು. ಅವನು ಪಾಷಾನ ಬೆನ್ನ ಹಿಂದೆ ನಿಂತು ಮೂರು ಸಲ ಅವನ ಹೆಸರು ಕಿರುಚಿದ. ಪಾಷಾ ಕೈಕಟ್ಟಿ, ನ್ಯಾಯಾಧೀಶರನ್ನೇ ವಿನಯದಿಂದ ನೋಡುತ್ತ ನಿಂತಿದ್ದ.

"ಏನ್ ಆಕ್ಟಿಂಗ್ ಕಣ್ಲಾ!" ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು, ಇಡೀ ಕೋರ್ಟು ನಕ್ಕಿತು, ನ್ಯಾಯಾಧೀಶರ ಮುಖದಲ್ಲೂ ನಗು ಕಂಡು, ಕೇಸು ಗೆದ್ದೆವೆಂದುಕೊಂಡು ಪಾಷಾನೂ ನಕ್ಕ.