ಚರ್ಚೆಯ ಗಂಟೆ

ಅಮೆರಿಕದಲ್ಲಿ ಅಂತರ್ಯುದ್ಧ ಆಗದಂತೆ ತಡೆದದ್ದು ಒಂದು ಹಳೆಯ ಕರಾರು: ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳು ಗುಲಾಮಗಿರಿಯ ಮಾತೆತ್ತಬಾರದು. ಎತ್ತಿದರೆ, ಅದು ಯಾರಿಗೂ ಕೇಳದಂತೆ ಗಂಟೆ ಬಾರಿಸಬೇಕು. ಈ ಸಲದ ಚುನಾವಣಾ ಚರ್ಚೆಗೆ ಅಟ್ಲಾಂಟಾದ ಟಿವಿ ಸ್ಟುಡಿಯೋದಲ್ಲಿ ಗಂಟೆಯ ಹಗ್ಗ ಹಿಡಿದಿದ್ದವಳು ಡಾರ್ಕಸ್ ಎಂಬ ಗುಲಾಮ ಹೆಂಗಸು. ಯಜಮಾನ ಅವಳನ್ನು ಆ ಕೆಲಸಕ್ಕೆ ಬಾಡಿಗೆಗೆ ಕೊಟ್ಟಿದ್ದ.

ರೈಲು, ಸುಂಕ, ಹತ್ತಿಯ ಬೆಲೆ ಎಂದು ಚರ್ಚೆ ತೂಕಡಿಸುತ್ತಿತ್ತು. ಥಟ್ಟನೆ ಉತ್ತರದ ರಾಜ್ಯಗಳ ಅಭ್ಯರ್ಥಿ ಕಾಗದ ಬದಿಗಿಟ್ಟು, ಡಾರ್ಕಸ್‌ಳನ್ನೇ ನೋಡಿದ.

"ನಾನು ಗೆದ್ದರೆ ಈ ಗುಲಾಮರನ್ನು..."

ಅಪ್ಪಣೆ ಪಾಲಿಸಿ ಅಭ್ಯಾಸಬಿದ್ದ ಅವಳ ಕೈ ಹಗ್ಗ ಎಳೆಯಿತು. ಅವನ ತುಟಿ ಅಲುಗುತ್ತಲೇ ಇತ್ತು.

ಯಜಮಾನನ ಅಡುಗೆಮನೆಯಲ್ಲಿ ಟಿವಿ ನೋಡಿದ್ದ ಮಗಳು ಟೆಂಪಿ, ತಾಯಿ ಬಂದೊಡನೆ ಓಡಿಬಂದಳು.

"ಅವ್ವಾ, ನಮ್ಮ ವಿಷಯ ಏನೋ ಹೇಳಿದ್ರಲ್ಲ, ಏನಂದ್ರು?"

"ನಂಗೂ ಕೇಳಿಸ್ಲಿಲ್ಲ ಮಗಾ," ಎಂದಳು ಡಾರ್ಕಸ್. "ಗಂಟೆ ಬಾರಿಸ್ತಿದ್ದೆ."